ಅತ್ತೆಯವರ ಜೊತೆ ಒಂದು ಜಪಾನೀ ಸಿನಿಮಾ

ಸೋದರಿಯರೇ, ಬೆಂಗಳೂರಿಗೆ ಹೋದರೆ ನೀವೆಲ್ಲ ಏನೇನು ನೋಡಿ ಬರುತ್ತೀರಿ? ಲಾಲ್‌ಬಾಗು, ವಿಧಾನಸೌಧ, ಚಿಕ್ಕಪೇಟೆಯ ಸೀರೆ ಅಂಗಡಿಗಳು, ಅಷ್ಟೇ ತಾನೆ? ನಾನೂ ಇಷ್ಟು ವರ್ಷ ನೋಡಿದ್ದು ಅಷ್ಟೇ. ಈ ಸಲ ಮಾತ್ರ ಎಪ್ಪತ್ತಾರು ವರ್ಷದ ನಮ್ಮ ಅತ್ತೆಯವರ ಜೊತೆ ಕೂತು ಜಪಾನಿನ ಒಂದು ಹಳೇ ಕಪ್ಪು-ಬಿಳುಪು ಸಿನಿಮಾ ನೋಡಿ ಬಂದೆ. ಅದನ್ನು ನಿಮಗೆ ಹೇಳದೆ ಇರಲಾರೆ.

ಮೊದಲು ಒಂದು ನಿಜ ಹೇಳಿಬಿಡುತ್ತೇನೆ. ನಾವು ಸಾಗರದಿಂದ ಹೊರಟಿದ್ದು ಸಿನಿಮಾಕ್ಕಲ್ಲ. ಅತ್ತೆಯವರನ್ನು ಮೂರು ತಿಂಗಳು ಮೈದುನನ ಮನೆಯಲ್ಲಿ ಬಿಟ್ಟು ಬರೋಣ ಅಂತ. ಇಪ್ಪತ್ತೆರಡು ವರ್ಷದಿಂದ ಅವರು ನಮ್ಮ ಜೊತೆಗೇ ಇದ್ದಾರೆ. ಈಚೆಗೆ ಮಾತ್ರೆ, ಪಥ್ಯ, ರಾತ್ರಿ ಎರಡು ಸಲ ಏಳುವುದು ಎಲ್ಲ ಸೇರಿ ನನಗೂ ಸಾಕಾಗಿತ್ತು. ನಮ್ಮವರ ಹತ್ತಿರ ಮಾತಾಡಿದೆ, ಮೈದುನನ ಹತ್ತಿರ ಮಾತಾಡಿದೆ. ಅತ್ತೆಯವರನ್ನು ಮಾತ್ರ ಕೇಳಲಿಲ್ಲ.

ತಾಳಗುಪ್ಪದ ರಾತ್ರಿ ರೈಲು ಹತ್ತಿ, ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ, ತೊಡದೇವಿನ ಡಬ್ಬ ಹಿಡಿದು ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿದೆವು. ರಾಜಾಜಿನಗರದ ಮನೆಯಲ್ಲಿ ಮೈದುನ, ಅವನ ಹೆಂಡತಿ ಇಬ್ಬರಿಗೂ ಕೆಲಸ, ಮಕ್ಕಳಿಗೆ ಪರೀಕ್ಷೆ. ಭಾನುವಾರವೂ ಬಿಡುವಿಲ್ಲ. ವಾರಗಿತ್ತಿ ಒಳ್ಳೆಯವಳು. "ಅಕ್ಕಾ, ನಾನೊಂದು ಸಾಂಸ್ಕೃತಿಕ ಸಂಘಕ್ಕೆ ಸದಸ್ಯೆ. ಏಷ್ಯಾದ ಸಿನಿಮಾಗಳನ್ನು ತೋರಿಸ್ತಿದ್ದಾರೆ. ಸದಸ್ಯರ ಮನೆಯ ಇಬ್ಬರಿಗೆ ಅರ್ಧ ದರ. ನನಗಂತೂ ಆಗಲ್ಲ, ನೀವು ಅತ್ತೆ ಹೋಗಿಬನ್ನಿ" ಅಂತ ಎರಡು ಟಿಕೆಟ್ ಕೈಗಿಟ್ಟಳು.

ರಾಜಾಜಿನಗರದಿಂದ ಬನಶಂಕರಿಗೆ ಹಸಿರು ಮಾರ್ಗದ ಮೆಟ್ರೋ ನೇರವಾಗಿ ಹೋಗುತ್ತದೆ, ಎಲ್ಲೂ ಬದಲಾಯಿಸಬೇಕಿಲ್ಲ. ಓಡುವ ಮೆಟ್ಟಿಲು ಕಂಡು ಅತ್ತೆ ಗಾಬರಿಯಾದರು. ಲಿಫ್ಟ್ ಇದೆ, ವಯಸ್ಸಾದವರು ಜೊತೆಗಿದ್ದರೆ ಅದನ್ನೇ ಕೇಳಿ ಹೋಗಿ. ಬನಶಂಕರಿಯಲ್ಲಿ ಇಳಿದು ಆಟೋ ಹಿಡಿದು ಎರಡನೇ ಹಂತದ ಸುಚಿತ್ರಾ ಸಭಾಂಗಣಕ್ಕೆ ಹೋದೆವು. ಸುಚಿತ್ರಾ ಫಿಲಂ ಸೊಸೈಟಿ 1971ರಲ್ಲಿ ಶುರುವಾದದ್ದು.

ಬಾಗಿಲಲ್ಲಿ ನಿಂತು ಅತ್ತೆ ಅಂದರು: "ಇದೇನು ಹೊಸದಲ್ಲ ಕಣೇ. ಹೆಗ್ಗೋಡಿನಲ್ಲಿ ನೋಡಿದ್ದೆ." ನನಗೆ ಆಶ್ಚರ್ಯ! ಅವರ ತವರು ಹೆಗ್ಗೋಡಿನ ಪಕ್ಕದ ಹಳ್ಳಿ. ಕೆ.ವಿ. ಸುಬ್ಬಣ್ಣನವರ ನೀನಾಸಂ 1973ರಲ್ಲಿ ಚಿತ್ರ ಸಮಾಜ ಕಟ್ಟಿ, ಸತ್ಯಜಿತ್ ರಾಯ್, ಕುರೊಸಾವಾ ಅಂಥವರ ಚಿತ್ರಗಳನ್ನು ಹಳ್ಳಿಯ ಜನರಿಗೇ ತೋರಿಸಿತ್ತು. ಅಡಿಕೆ ಸುಲಿಯುವುದು ಬಿಟ್ಟು ಅತ್ತೆಯೂ ಹೋಗಿದ್ದರಂತೆ. 'ಪಥೇರ್ ಪಾಂಚಾಲಿ'ಯ ಹಲ್ಲಿಲ್ಲದ ಅಜ್ಜಿ ಇನ್ನೂ ಅವರ ಕಣ್ಣಿಗೆ ಕಟ್ಟಿದ ಹಾಗಿದ್ದಾಳೆ. ಇಪ್ಪತ್ತೆರಡು ವರ್ಷ ಒಂದೇ ಒಲೆಯಲ್ಲಿ ಅಡಿಗೆ ಮಾಡಿದ್ದೇವೆ, ಈ ಸಂಗತಿ ನನಗೆ ಗೊತ್ತೇ ಇರಲಿಲ್ಲ.

ಅವತ್ತಿನ ಸಿನಿಮಾ 'ಟೋಕಿಯೋ ಸ್ಟೋರಿ'. ಯಾಸುಜಿರೋ ಓಜು ಎಂಬುವರು 1953ರಲ್ಲಿ ತೆಗೆದದ್ದು. ಕೆಳಗೆ ಇಂಗ್ಲಿಷಿನಲ್ಲಿ ಮಾತು ಬರುತ್ತದೆ. ನನ್ನ ಹೈಸ್ಕೂಲು ಇಂಗ್ಲಿಷಿನಲ್ಲಿ ಓದಿ, ಅತ್ತೆಯವರ ಕಿವಿಯಲ್ಲಿ ಮೆಲ್ಲಗೆ ಕನ್ನಡ ಮಾಡಿ ಹೇಳುತ್ತಿದ್ದೆ. ನಿಧಾನದ ಸಿನಿಮಾ, ಹೊಡೆದಾಟವಿಲ್ಲ, ಹಾಡಿಲ್ಲ. ಕ್ಯಾಮರಾವನ್ನು ತೀರ ತಗ್ಗಿನಲ್ಲಿಟ್ಟು ತೆಗೆದಿದ್ದಾರೆ, ನಾವೂ ಅವರ ಮನೆಯ ಚಾಪೆಯ ಮೇಲೆ ಕೂತು ನೋಡಿದ ಹಾಗಿರುತ್ತದೆ.

ಕಥೆ ಇಷ್ಟೇ. ಒನೊಮಿಚಿ ಎಂಬ ಸಮುದ್ರ ತೀರದ ಊರಿನಿಂದ ವಯಸ್ಸಾದ ಗಂಡ ಹೆಂಡತಿ ಮಕ್ಕಳನ್ನು ನೋಡಲು ಟೋಕಿಯೋಗೆ ಬರುತ್ತಾರೆ. ಹಿರಿಮಗ ಡಾಕ್ಟರು, ಮಗಳು ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಕೆಟ್ಟವರಲ್ಲ, ಪುರಸೊತ್ತಿಲ್ಲ. ಯುದ್ಧದಲ್ಲಿ ತೀರಿಹೋದ ಮಗನ ಹೆಂಡತಿ ನೊರಿಕೊ ಮಾತ್ರ ಕೆಲಸಕ್ಕೆ ರಜೆ ಹಾಕಿ ಅತ್ತೆ ಮಾವನಿಗೆ ಊರು ತೋರಿಸುತ್ತಾಳೆ. ಮಗ ಮಗಳು ಸೇರಿ ದುಡ್ಡು ಹಾಕಿ, ತಂದೆ ತಾಯಿಯನ್ನು ಅತಾಮಿ ಎಂಬ ಬಿಸಿನೀರಿನ ಬುಗ್ಗೆಯ ಊರಿಗೆ ಕಳಿಸುತ್ತಾರೆ. ಅಲ್ಲಿ ರಾತ್ರಿಯೆಲ್ಲ ಗದ್ದಲ, ಆ ಮುದುಕರಿಗೆ ನಿದ್ದೆಯಿಲ್ಲ.

ಅಲ್ಲಿಗೆ ಬಂದಾಗ ನನ್ನ ಪಿಸುಮಾತು ನಿಂತುಹೋಯಿತು. ನಮ್ಮ ಕೈಯಲ್ಲಿದ್ದ ಅರ್ಧ ದರದ ಟಿಕೆಟ್ಟೂ ಒಂದು ಅತಾಮಿಯೇ ಅಲ್ಲವೇ? ವಾರಗಿತ್ತಿಯನ್ನು ಏನೆನ್ನಲಿ, ಮೂರು ತಿಂಗಳಿಗೆ ಬಿಟ್ಟು ಹೋಗಲು ಕರೆತಂದವಳು ನಾನೇ. "ಏನಂತಾರೆ, ಹೇಳೇ" ಅಂತ ಅತ್ತೆ ಮೊಣಕೈ ತಿವಿದರು. ಗಂಟಲು ಸರಿಮಾಡಿಕೊಂಡು ಹೇಳಿದೆ.

ಊರಿಗೆ ಮರಳಿದ ಮೇಲೆ ಆ ತಾಯಿ ತೀರಿಹೋಗುತ್ತಾಳೆ. ಮಗಳು ಕೂಡಲೇ ಅಮ್ಮನ ಕಿಮೋನೊ ಕೇಳುತ್ತಾಳೆ. ಕೊನೆಗೆ ಮಾವ ಹೆಂಡತಿಯ ಗಡಿಯಾರವನ್ನು ಸೊಸೆ ನೊರಿಕೊಗೆ ಕೊಡುತ್ತಾನೆ. ದೀಪ ಹತ್ತಿದಾಗ ಸೆರಗಿನಿಂದ ಕಣ್ಣೊರೆಸಿಕೊಳ್ಳದವರು ಕಡಿಮೆ.

ಹೊರಗೆ ಬಂದು ಕಾಫಿ ಕುಡಿಯುತ್ತಾ ಅತ್ತೆ, "ಆ ಮುದುಕಿ ಯಾರನ್ನೂ ಬೈಲಿಲ್ಲ ನೋಡು. ಆದ್ರೆ ಅವಳಿಗೇನು ಬೇಕಿತ್ತು ಅಂತ ಯಾರೂ ಕೇಳಲೂ ಇಲ್ಲ" ಅಂದರು. ಆಗ ಕೇಳಿದೆ. "ಅತ್ತೆ, ನಿಮಗೆ ಎಲ್ಲಿರಬೇಕು ಅನ್ನಿಸುತ್ತೆ?"

ಅವರು ಕಾಫಿ ಮುಗಿಸಿಯೇ ಉತ್ತರ ಕೊಟ್ಟರು. "ಹದಿನೈದು ದಿನ ಇಲ್ಲಿರ್ತೀನಿ, ಮೊಮ್ಮಕ್ಕಳ ಪರೀಕ್ಷೆ ಮುಗೀಲಿ. ನಿನಗೂ ಸುಸ್ತಾಗಿದೆ, ನನಗೆ ಗೊತ್ತಾಗಲ್ವ? ಆಮೇಲೆ ಮನೆಗೆ ಕರ್ಕೊಂಡು ಹೋಗು. ರಾತ್ರಿ ನೀನು ಏಳೋದು ಬೇಡ, ಒಂದು ಹುಡುಗೀನ ಗೊತ್ತು ಮಾಡು, ನನ್ನ ಪಿಂಚಣಿಯಲ್ಲಿ ಕೊಡ್ತೀನಿ." ನಾನು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದಕ್ಕೆ ಅವರ ಹತ್ತಿರ ಲೆಕ್ಕ ತಯಾರಾಗಿತ್ತು! ಹದಿನಾರನೇ ದಿನ ಹೋಗಿ ಕರೆತಂದೆ. ಈಗ ಪಕ್ಕದ ಬೀದಿಯ ಹುಡುಗಿ ರಾತ್ರಿ ಮಲಗಲು ಬರುತ್ತಾಳೆ.

ನಿಮಗೂ ಇಂಥ ಸಿನಿಮಾ ನೋಡುವ ಮನಸ್ಸಿದ್ದರೆ ನಾಲ್ಕು ಮಾತು. ನಿಮ್ಮೂರಿನಲ್ಲಿ ಫಿಲಂ ಸೊಸೈಟಿ, ಸಾಂಸ್ಕೃತಿಕ ಸಂಘ ಇದೆಯೇ ವಿಚಾರಿಸಿ ಸದಸ್ಯರಾಗಿ. ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಏಷ್ಯಾದ ಚಿತ್ರಗಳಿಗೆ ಬೇರೆ ಸ್ಪರ್ಧೆಯೇ ಇದೆ. 2025ರಲ್ಲಿ ಅದು ಮಾರ್ಚ್ 1ರಿಂದ 8ರವರೆಗೆ ನಡೆಯಿತು. ಪಾಸಿಗೆ ಸಾಮಾನ್ಯರಿಗೆ 800 ರೂಪಾಯಿ, ಫಿಲಂ ಸೊಸೈಟಿ ಸದಸ್ಯರು, ವಿದ್ಯಾರ್ಥಿಗಳು, ಹಿರಿಯ ನಾಗರಿಕರಿಗೆ 400. ದರ ಬದಲಾಗಬಹುದು, ಹೊರಡುವ ಮೊದಲು ಕೇಳಿಕೊಳ್ಳಿ. ಸದಸ್ಯತ್ವದ ಕಾರ್ಡು, ವಯಸ್ಸಿನ ದಾಖಲೆ ಮರೆಯಬೇಡಿ. ಒಳಗೆ ಎ.ಸಿ. ಚಳಿ, ಹಿರಿಯರಿಗೊಂದು ಶಾಲು ಇರಲಿ. ಕಥೆ ಮೊದಲೇ ತಿಳಿದಿದ್ದರೆ ಕಿವಿಯಲ್ಲಿ ಹೇಳುವುದು ಸುಲಭ.

ನಮ್ಮ ಅತ್ತೆ ಈಗಾಗಲೇ ಕೇಳುತ್ತಿದ್ದಾರೆ, "ಮುಂದಿನ ಸಿನಿಮಾ ಯಾವಾಗಂತೆ?" ಈ ಸಲ ಟಿಕೆಟ್ ಮೂರು ತೆಗೆಸಬೇಕು. ವಾರಗಿತ್ತಿಗೂ ಹೇಳಿದ್ದೇನೆ, ಪುರಸೊತ್ತು ಮಾಡಿಕೊಳ್ಳುತ್ತಾಳಂತೆ.