ಕರಡಿ ಹೊಡೆಯುವುದು ಮುಖಕ್ಕೆ

ಕರಡಿ ಹೊಡೆದರೆ ಮುಖಕ್ಕೇ ಹೊಡೆಯುತ್ತದೆ. ಗುಡೇಕೋಟೆಯ ಸುತ್ತಿನ ಹಳ್ಳಿಗಳಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಕೂಡ್ಲಿಗಿ ಸೀಮೆಯ ಬಂಡೆಗುಡ್ಡಗಳ ಸಂದಿಯಲ್ಲಿ ಹಗಲೆಲ್ಲ ಮಲಗಿದ್ದು, ಹೊತ್ತು ಮುಳುಗಿದ ಮೇಲೆ ಕೆಳಗಿಳಿಯುವ ಈ ಪ್ರಾಣಿಗೆ ಮನುಷ್ಯನ ಮೇಲೆ ಹಗೆಯಿಲ್ಲ. ಅದಕ್ಕೆ ಬೇಕಾದದ್ದು ಗೆದ್ದಲು, ಇರುವೆ, ಜೇನು, ಕವಳೆ ಹಣ್ಣು, ಬಾರೆ ಹಣ್ಣು. ಆದರೆ ನಸುಕಿನಲ್ಲಿ ಹೊಲಕ್ಕೆ ಹೊರಟವರು, ಕುರಿ ಹಿಂದೆ ಹೋದವರು, ಬಯಲಿಗೆ ಹೋದವರು ಬಂಡೆಯ ತಿರುವಿನಲ್ಲಿ ಅದಕ್ಕೆ ಎದುರಾದರೆ ಹೆದರುವುದು ಇಬ್ಬರೂ. ಮನುಷ್ಯ ಓಡುತ್ತಾನೆ, ಕರಡಿ ಹಿಂಗಾಲ ಮೇಲೆ ಎದ್ದು ನಿಲ್ಲುತ್ತದೆ. ಎದ್ದು ನಿಂತ ಕರಡಿಯ ಮುಂಗಾಲು ಸರಿಯಾಗಿ ಮನುಷ್ಯನ ತಲೆಯ ಮಟ್ಟಕ್ಕೆ ಬರುತ್ತದೆ. ಬೆರಳುದ್ದದ ಆ ಉಗುರುಗಳು ಗೆದ್ದಲ ಹುತ್ತವನ್ನು ಅಗೆಯಲು ಬೆಳೆದವು. ಹುತ್ತದ ಗಟ್ಟಿಮಣ್ಣನ್ನೇ ಸೀಳುವ ಉಗುರಿಗೆ ಕೆನ್ನೆ ಯಾವ ಲೆಕ್ಕ? ಬೆನ್ನ ಮೇಲೆ ಮರಿ ಹೊತ್ತ ತಾಯಿಯಾದರಂತೂ ಅದು ಹಿಂದೆ ಮುಂದೆ ನೋಡುವುದಿಲ್ಲ.

ಗುಡೇಕೋಟೆಯಲ್ಲಿ ಕರಡಿಧಾಮವಾದದ್ದು 2013ರಲ್ಲಿ. ಅದಕ್ಕೂ ಮೊದಲು, 1994ರಲ್ಲಿ, ಇಲ್ಲಿಂದ ಉತ್ತರಕ್ಕಿರುವ ದರೋಜಿಯ ಧಾಮ ಬಂದಿತ್ತು. ಕರಡಿಗೆ ನೆಲೆ ಕೊಟ್ಟದ್ದು ಒಳ್ಳೆಯ ಕೆಲಸವೇ. ಕರಡಿಯ ಜೊತೆಗೆ ಬಾಳುವ ಜನರ ಮುಖದ ಬಗ್ಗೆಯೂ ಒಂದಿಷ್ಟು ಮಾತಾಡಬೇಕು ಎನ್ನುವುದಷ್ಟೇ ನನ್ನ ಹಂಬಲ. ಯಾಕೆಂದರೆ ಮುಖವೆಂದರೆ ಚರ್ಮ, ಮಾಂಸ, ಎಲುಬು ಅಷ್ಟೇ ಅಲ್ಲ. ಬೆನ್ನುಹುರಿಯ ಹಾದಿ ಹಿಡಿಯದೆ, ತಲೆಬುರುಡೆಯ ತೂತುಗಳಿಂದ ನೇರವಾಗಿ ಹೊರಬರುವ ನರಗಳು ಹನ್ನೆರಡು ಜೊತೆ. ಒಂದು ಹೊಟ್ಟೆಯವರೆಗೆ ಇಳಿಯುತ್ತದೆ, ಒಂದು ಹೆಗಲಿಗೆ ಹೋಗುತ್ತದೆ. ಉಳಿದ ಹತ್ತೂ ತಲೆ, ಮುಖ, ಗಂಟಲಿನ ಆಸುಪಾಸಿನಲ್ಲೇ ದುಡಿಯುತ್ತವೆ. ನೋಡುವುದು, ಮೂಸುವುದು, ಅಗಿಯುವುದು, ನುಂಗುವುದು, ಮಾತಾಡುವುದು, ನಗುವುದು ಎಲ್ಲಕ್ಕೂ ಇವೇ ಆಧಾರ. ಅಂಗೈಯಗಲದ ಜಾಗದಲ್ಲಿ ಇಷ್ಟು ಸಂಪತ್ತು ದೇಹದಲ್ಲಿ ಬೇರೆಲ್ಲೂ ಇಲ್ಲ.

ಇವಕ್ಕೆ ಹನ್ನೆರಡರ ಲೆಕ್ಕ ಸಿಕ್ಕಿದ್ದೂ ಬಹಳ ತಡವಾಗಿ. ಪ್ರಾಚೀನ ಕಾಲದ ಗ್ಯಾಲೆನ್ ಏಳು ಜೊತೆ ಎಂದಿದ್ದ. 1664ರಲ್ಲಿ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಒಂಬತ್ತು ಎಂದ. ಇಂದು ಬಳ್ಳಾರಿಯ ವೈದ್ಯಕೀಯ ಕಾಲೇಜಿನ ಮಕ್ಕಳು ಕಂಠಪಾಠ ಮಾಡುವ ಹನ್ನೆರಡರ ಸಾಲು 1778ರಲ್ಲಿ ಜರ್ಮನಿಯ ಸೊಮೆರಿಂಗ್ ಹಾಕಿಕೊಟ್ಟದ್ದು.

ಸಾಲಿನಲ್ಲಿ ಮೊದಲನೆಯದು ವಾಸನೆಯ ನರ. ಕರಡಿ ಬದುಕುವುದೇ ಇದರಿಂದ. ಅದರ ಕಣ್ಣು ಅಷ್ಟಕ್ಕಷ್ಟೆ, ಮೂಗು ಮಾತ್ರ ಮಣ್ಣೊಳಗಿನ ಗೆದ್ದಲನ್ನೂ ಪತ್ತೆ ಹಚ್ಚುತ್ತದೆ. ಗಾಳಿ ನಮ್ಮಿಂದ ಅದರ ಕಡೆಗೆ ಬೀಸುತ್ತಿದ್ದರೆ ಅದಕ್ಕೆ ನಮ್ಮ ಸುಳಿವು ಮೊದಲೇ ಸಿಕ್ಕಿ, ಅದೇ ದಾರಿ ಬಿಡುತ್ತದೆ. ಗಾಳಿ ತಿರುಗಿದ್ದರೆ ತೀರ ಹತ್ತಿರ ಹೋಗುವ ತನಕ ಅದಕ್ಕೆ ಗೊತ್ತಾಗುವುದಿಲ್ಲ. ಅನಾಹುತ ಆಗುವುದು ಆಗಲೇ. ಅದೇ ನರ ನಮ್ಮಲ್ಲೂ ಇದೆ. ಹೂವಿನಹಡಗಲಿಯ ಮಲ್ಲಿಗೆ ದಂಡೆ ಬಸ್ಸು ಹತ್ತಿದರೆ ಹಿಂದಿನ ಸೀಟಿನಲ್ಲಿ ಕೂತವರಿಗೂ ಗೊತ್ತಾಗುವುದು ಅದರಿಂದಲೇ. ಮೂಗಿನ ಮಾಳಿಗೆಯಲ್ಲಿ ಜರಡಿಯಂತೆ ತೂತುಬಿದ್ದ ತೆಳ್ಳನೆಯ ಎಲುಬೊಂದಿದೆ. ಅದರ ಮೂಲಕ ಎಳೆಗಳು ಮೇಲೇರಿ ಮಿದುಳನ್ನು ಸೇರುತ್ತವೆ. ಬೇರೆಲ್ಲ ಅರಿವುಗಳು ಮಿದುಳಿನ ನಡುವಿನ ಥಲಾಮಸ್ ಎಂಬಲ್ಲಿ ತಂಗಿ ಮುಂದೆ ಹೋದರೆ, ವಾಸನೆ ಮಾತ್ರ ಅಲ್ಲಿ ತಂಗದೆ ನೆನಪು, ಭಾವನೆಗಳ ಜಾಗಕ್ಕೇ ಹೋಗಿ ತಲುಪುತ್ತದೆ. ತೀರಿಹೋದ ಅಜ್ಜಿಯ ಸೀರೆಯ ಪೆಟ್ಟಿಗೆ ತೆಗೆದಾಗ ಗಂಟಲು ಕಟ್ಟುವುದು ಸುಮ್ಮನೆ ಅಲ್ಲ. ತಲೆಗೆ ಜೋರಾದ ಪೆಟ್ಟು ಬಿದ್ದರೆ ಆ ಎಳೆಗಳು ಹರಿದು ಮಲ್ಲಿಗೆಯೂ ಒಂದೇ, ಮಣ್ಣೂ ಒಂದೇ ಆಗಿಬಿಡುತ್ತದೆ.

ಈ ಸೀಮೆಯಲ್ಲಿ ಸಂಜೆಯಾದರೆ ಮಂಡಕ್ಕಿ ಮಿರ್ಚಿ ಬೇಕೇ ಬೇಕು. ಕೊಟ್ಟೂರಿನ ತೇರಿನ ದಿನ ಆ ಎಣ್ಣೆಬಾಣಲೆಗಳ ಮುಂದೆ ನಿಂತು ನೋಡಿ: ಮಿರ್ಚಿ ಕಚ್ಚಿದವರಿಗೆಲ್ಲ ಕಣ್ಣಲ್ಲಿ ನೀರು. ಖಾರವನ್ನು ರುಚಿ ಎಂದು ಎಣಿಸುತ್ತೇವೆ. ನಾಲಿಗೆಯ ಮುಂಭಾಗದ ರುಚಿಯನ್ನು ಒಯ್ಯುವುದು ಏಳನೆಯ ನರ, ಹಿಂಭಾಗದ್ದನ್ನು ಒಂಬತ್ತನೆಯದು. ಆದರೆ ನಾಲಿಗೆಯ ಮುಂಭಾಗಕ್ಕೆ ಖಾರ ತಾಗಿದಾಗ ಕೂಗಿಕೊಳ್ಳುವುದು ಐದನೆಯದು, ಮುಖದ ನೋವು, ಬಿಸಿ, ಸ್ಪರ್ಶಗಳನ್ನು ಹೊರುವ ದಪ್ಪ ನರ. ಮೆಣಸಿನಕಾಯಿಯ ಸತ್ವ ಬಿಸಿಯನ್ನು ಗುರುತಿಸುವ ಅದೇ ಬಾಗಿಲನ್ನು ತೆರೆಯುತ್ತದೆ. ಆದ್ದರಿಂದಲೇ ತಣ್ಣಗಿನ ಮೆಣಸಿನಕಾಯಿಯೂ ಬಾಯನ್ನು ಸುಡುತ್ತದೆ. ಆ ಬಾಗಿಲನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು. ಐದನೆಯದು ಉರಿ ಎಂದು ಸುದ್ದಿ ಮುಟ್ಟಿಸುತ್ತದೆ, ಏಳನೆಯದು ಕಣ್ಣೀರು ಹರಿಸುತ್ತದೆ. ಈರುಳ್ಳಿ ಹೆಚ್ಚುವಾಗ ನಡೆಯುವುದೂ ಇದೇ.

ಇನ್ನು ಎಂಟನೆಯದು. ಅದರ ಮಾತು ಬಂದಾಗಲೆಲ್ಲ ನನಗೆ ಮೈಲಾರದ ಕಾರ್ಣಿಕ ನೆನಪಾಗುತ್ತದೆ. ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದ ಕೂಡಲೇ ಅಷ್ಟು ದೊಡ್ಡ ಜಾತ್ರೆ ಉಸಿರು ಹಿಡಿಯುತ್ತದೆ. ಕೆಳಗಿದ್ದವರು ಆ ಒಂದು ನುಡಿಯನ್ನು ಹಿಡಿಯಲು ಕಿವಿಯಾಗಿ ನಿಲ್ಲುತ್ತಾರೆ. ಮೇಲಿದ್ದವನು ಬೀಳದಂತೆ ಮೈ ತೂಗಿಸುತ್ತಾನೆ. ಕೇಳುವುದಕ್ಕೂ ಸಮತೋಲಕ್ಕೂ ನರ ಒಂದೇ, ಅದರ ಕವಲು ಮಾತ್ರ ಎರಡು. ಗುಡೇಕೋಟೆಯವರು ಒನಕೆ ಓಬವ್ವ ತಮ್ಮೂರ ಮಗಳು ಎನ್ನುತ್ತಾರೆ. ಚಿತ್ರದುರ್ಗದ ಕಿಂಡಿಯ ಆಚೆಯ ಪಿಸುಮಾತನ್ನು ಆಕೆಗೆ ಮುಟ್ಟಿಸಿದ್ದು ಇದೇ ಎಂಟನೆಯದು. ಒನಕೆ ಎತ್ತಿದ ಹೆಗಲಿಗೆ ಬಲ ಕೊಟ್ಟದ್ದರಲ್ಲಿ ಹನ್ನೊಂದನೆಯದಕ್ಕೂ ಪಾಲಿದೆ.

ಕಣ್ಣುಗುಡ್ಡೆ ಹೊರಳಿಸುವ ಮೂರು, ನಾಲ್ಕು, ಆರನೆಯ ನರಗಳು, ನಾಲಿಗೆ ಆಡಿಸುವ ಹನ್ನೆರಡನೆಯದು ಇವನ್ನೆಲ್ಲ ಬಿಟ್ಟು ಏಳನೆಯದಕ್ಕೆ ಬರುತ್ತೇನೆ. ನಾನು ಹೇಳಹೊರಟದ್ದು ಅದನ್ನೇ. ಕಿವಿಯ ಹಾಲೆಯ ಕೆಳಗೆ ಅಂಗೈಯ ಬುಡವಿಟ್ಟು, ಐದು ಬೆರಳನ್ನೂ ಕೆನ್ನೆಯ ಮೇಲೆ ಅಗಲಿಸಿ. ನಿಮ್ಮ ಬೆರಳು ಹೋದ ಕಡೆಯೇ ಆ ನರದ ಐದು ಕವಲುಗಳೂ ಹೋಗುತ್ತವೆ: ಹಣೆಗೆ, ಕಣ್ಣಿನ ಸುತ್ತ, ಕೆನ್ನೆಗೆ, ಕೆಳದವಡೆಯ ಅಂಚಿಗೆ, ಕತ್ತಿಗೆ. ಕರಡಿಯ ಉಗುರು ಎಳೆಯುವುದೂ ಆ ಜಾಗದಲ್ಲೇ. ಕರಡಿಗೂ ಇದೇ ನರ ಇದೆ. ಮೇಲಿನ ಎರಡು ನಡುಹಲ್ಲುಗಳಿಲ್ಲದ ಬಾಯಿಗೆ ಉದ್ದನೆಯ ತುಟಿಯನ್ನು ಚಾಚಿ ಅದು ಗೆದ್ದಲು ಹೀರುವ ಸದ್ದು ನೂರು ಮೀಟರಿಗೂ ಆಚೆ ಕೇಳುತ್ತದೆ. ಆ ತುಟಿ ಆಡುವುದು ಅದರ ಏಳನೆಯ ನರದಿಂದ.

ಈ ನರದ ಕೆಲಸವನ್ನು 1821ರಲ್ಲಿ ಬಿಡಿಸಿ ಹೇಳಿದವನು ಚಾರ್ಲ್ಸ್ ಬೆಲ್. ಅವನ ಹೆಸರಿನ ಕಾಯಿಲೆಯನ್ನು ನಮ್ಮ ಕಡೆ ಲಕ್ವ ಹೊಡೆದಿದೆ, ಬಾಯಿ ಸೊಟ್ಟಗಾಗಿದೆ ಎನ್ನುತ್ತಾರೆ. ಎಲುಬಿನ ಇಕ್ಕಟ್ಟಾದ ಕಾಲುವೆಯಲ್ಲಿ ನರ ಊದಿಕೊಂಡು ಮುಖದ ಅರ್ಧ ಭಾಗ ಸುಮ್ಮನಾಗುತ್ತದೆ. ಊಟ ಸಪ್ಪೆ ಅನ್ನಿಸಬಹುದು, ಆ ಕಡೆಯ ಕಿವಿಗೆ ಪಾತ್ರೆಯ ಸದ್ದೂ ಕರ್ಕಶವಾಗಬಹುದು. ಆ ನರ ಹೊರುವ ಹೊರೆ ಅಷ್ಟಿದೆ. ಹೆಚ್ಚಿನವರು ವಾರಗಳಲ್ಲೋ ತಿಂಗಳುಗಳಲ್ಲೋ ಸುಧಾರಿಸಿಕೊಳ್ಳುತ್ತಾರೆ. ಮೂರು ದಿನದೊಳಗೆ ಡಾಕ್ಟರ ಹತ್ತಿರ ಹೋಗಿ ಸ್ಟೀರಾಯ್ಡ್ ಮಾತ್ರೆ ಶುರು ಮಾಡಿದರೆ ಗುಣವಾಗುವ ಸಂಭವ ಇನ್ನೂ ಹೆಚ್ಚು. ನಾಟಿ ಔಷಧಿ ಹುಡುಕುತ್ತ ಆ ಮೂರು ದಿನ ಕಳೆಯುವುದನ್ನು ನೆನೆದರೆ ಸಂಕಟವಾಗುತ್ತದೆ. ಇನ್ನೊಂದು ಮಾತು: ಬಾಯಿ ಸೊಟ್ಟಗಾದವರಿಗೆ ಎರಡೂ ಹುಬ್ಬು ಏರಿಸಲು ಹೇಳಿ. ಹಣೆಯ ಗೆರೆ ಎರಡೂ ಕಡೆ ಮೂಡಿದರೆ ತೊಂದರೆ ಮಿದುಳಿನಲ್ಲೇ ಇರಬಹುದು, ಅದು ಪಾರ್ಶ್ವವಾಯುವಾಗಿರಬಹುದು. ಒಂದು ಗಳಿಗೆಯೂ ಕಾಯಬಾರದು. ಗೆರೆ ಮೂಡದಿದ್ದರೂ ಆವತ್ತೇ ತೋರಿಸಬೇಕು.

ಕರಡಿ ಕತ್ತರಿಸಿದ ನರ ತಾನಾಗಿ ಹೀಗೆ ಮರಳುವುದಿಲ್ಲ. ತುದಿಗೆ ತುದಿ ಹೊಂದಿಸಿ ಹೊಲಿಯಬೇಕು. ಕಡಿದ ಮೇಲೆ ಸುಮಾರು 72 ಗಂಟೆಯವರೆಗೆ ಸ್ನಾಯುವಿನ ಕಡೆಯ ತುದಿ ಸಣ್ಣ ವಿದ್ಯುತ್ತಿಗೆ ಸ್ಪಂದಿಸುತ್ತದೆ, ಸ್ನಾಯು ಮಿಡಿಯುತ್ತದೆ. ಆ ಗುರುತಿನಿಂದಲೇ ಸರ್ಜನ್ ರಕ್ತಮಾಂಸದ ನಡುವೆ ಕೂದಲೆಳೆಯಂಥ ಕವಲನ್ನು ಹುಡುಕುತ್ತಾರೆ. ಆ ಅವಧಿ ದಾಟಿದರೆ ಹುಡುಕಾಟವೇ ಕಷ್ಟ. ಹೊಲಿದ ಮೇಲೂ ನರ ಬೆಳೆಯುವುದು ದಿನಕ್ಕೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಕೆಲವೊಮ್ಮೆ ಎಳೆಗಳು ದಾರಿ ತಪ್ಪುತ್ತವೆ. ನಕ್ಕರೆ ಕಣ್ಣು ಮುಚ್ಚಿಕೊಳ್ಳುತ್ತದೆ. ಜೊಲ್ಲಿಗೆ ಹೋಗಬೇಕಾದ ಎಳೆ ಕಣ್ಣೀರ ಗ್ರಂಥಿ ಸೇರಿ, ರೊಟ್ಟಿ ತಿನ್ನುವಾಗ ಕಣ್ಣೀರು ಸುರಿಯುವುದೂ ಉಂಟು. ರೆಪ್ಪೆ ಮುಚ್ಚದೇ ಹೋದರೆ ಕಣ್ಣು ಒಣಗಿ, ಹುಣ್ಣಾಗಿ, ಉಗುರು ತಾಗದೇ ಉಳಿದ ಕಣ್ಣೂ ಹೋಗಬಹುದು. ಜೀವ ಉಳಿಯಿತಲ್ಲ ಎಂದು ಊರು ಸಮಾಧಾನಪಡುತ್ತದೆ. ಆದರೆ ಮಗುವನ್ನು ನೋಡಿ ನಗಲಾಗದವರ ನೋವು ಪರಿಹಾರದ ಯಾವ ಅರ್ಜಿಯಲ್ಲೂ ಬರೆಯಲು ಬರುವಂಥದ್ದಲ್ಲ.

ಹಾಗಾಗಿ ಗುಡೇಕೋಟೆ, ಕೂಡ್ಲಿಗಿ ಕಡೆಯ ಓದುಗರಲ್ಲಿ ಬೇಡಿಕೊಳ್ಳುತ್ತೇನೆ. ಕತ್ತಲಲ್ಲಿ ಒಬ್ಬರೇ ಹೊರಡಬೇಡಿ; ಹೊರಟರೆ ಟಾರ್ಚ್ ಹಿಡಿದು, ಜೋರಾಗಿ ಮಾತಾಡುತ್ತ ಹೋಗಿ, ಕರಡಿಗೆ ನಿಮ್ಮ ಸುಳಿವು ದೂರದಿಂದಲೇ ಸಿಗಲಿ. ಯಾರಿಗಾದರೂ ಕರಡಿ ಹೊಡೆದರೆ ರಕ್ತ ಹರಿಯುವಲ್ಲಿ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಅರಿಸಿನ, ಸೊಪ್ಪು, ಬೂದಿ ಏನನ್ನೂ ತುಂಬಬೇಡಿ. ರಕ್ತ ಹಿಡಿತಕ್ಕೆ ಬಂದರೆ ಕಣ್ಣಿಗೆ ಹೋಗದಂತೆ ಸೋಪು, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ಕಚ್ಚಿದ ಗಾಯವಿರಲಿ, ಪರಚಿದ ಗಾಯವಿರಲಿ, ರೇಬಿಸ್ ಲಸಿಕೆಯನ್ನೂ ಅದರ ಜೊತೆ ಕೊಡುವ ಇಮ್ಯುನೋಗ್ಲಾಬ್ಯುಲಿನ್ನನ್ನೂ ಕೇಳಿ ಹಾಕಿಸಿ. ಜೋತುಬಿದ್ದ ಚರ್ಮವನ್ನು ಕತ್ತರಿಸಿ ಎಸೆಯಬೇಡಿ. ಹತ್ತಿರದ ಆಸ್ಪತ್ರೆಯಲ್ಲಿ ಮೊದಲ ಚಿಕಿತ್ಸೆ ಆದೊಡನೆ ಪ್ಲಾಸ್ಟಿಕ್ ಸರ್ಜನ್ ಇರುವ ದೊಡ್ಡ ಆಸ್ಪತ್ರೆಗೆ ಅದೇ ದಿನ ಕರೆದೊಯ್ಯಿರಿ. ಅರಿವಳಿಕೆ ಕೊಡುವ ಮೊದಲು, ಗಾಯಾಳುವಿಗೆ ಎಚ್ಚರವಿದ್ದರೆ, ಕಣ್ಣು ಮುಚ್ಚಿಸಿ, ಹುಬ್ಬು ಏರಿಸಲು ಹೇಳಿ, ಹಲ್ಲು ತೋರಿಸಲು ಹೇಳಿ ನೋಡುವಂತೆ ಡಾಕ್ಟರನ್ನು ಕೇಳಿಕೊಳ್ಳಿ. ಹಾಗೆ ಕೇಳುವುದು ನಿಮ್ಮ ಹಕ್ಕು.