ಊಟದ ನಂತರದ ಇಂಗ್ಲಿಷ್ ಪೀರಿಯಡ್ಡು

ಹದಿನೈದು ವರ್ಷಗಳಿಂದ ಟೈಮ್‌ಟೇಬಲ್ ಹಾಕುವವರು ಯಾರೇ ಇರಲಿ, ಸೆಕೆಂಡ್ ಪಿಯುಸಿ ಸೈನ್ಸ್ ಸೆಕ್ಷನ್ನಿನ ಇಂಗ್ಲಿಷ್ ಪೀರಿಯಡ್ಡು ಬರುವುದು ಊಟ ಮುಗಿದ ಮೇಲೆಯೇ. ಹೊತ್ತು ಸುಡುತ್ತಿರುತ್ತದೆ, ಮಕ್ಕಳ ಕಣ್ಣು ಎಳೆಯುತ್ತಿರುತ್ತದೆ. ಹಿಂದಿನ ಬೆಂಚಿನಲ್ಲಿ ಇಂಗ್ಲಿಷ್ ಪುಸ್ತಕದ ಮರೆಯಲ್ಲಿ ಕೆಮಿಸ್ಟ್ರಿ ಪುಸ್ತಕ ತೆರೆದಿರುತ್ತದೆ. ಸಿಇಟಿ ರ‍್ಯಾಂಕಿಗೆ ಇಂಗ್ಲಿಷ್ ಅಂಕ ಲೆಕ್ಕಕ್ಕಿಲ್ಲ, ಪಾಸಾದರೆ ಸಾಕು. ಹದಿನೇಳು ವರ್ಷದ ಹುಡುಗನ ತಲೆಯ ಮೇಲೆ ಮನೆಯವರೆಲ್ಲ ಸೇರಿ ಇಟ್ಟಿರುವ ಭಾರ ನನಗೆ ಗೊತ್ತು. ಅವನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ಆದರೆ ಆ ಇಂಗ್ಲಿಷ್ ಪುಸ್ತಕದೊಳಗೆ ಏನಿದೆ ಎಂಬುದು ಅವನಿಗೆ ಗೊತ್ತಾಗದೆ ಹೋದರೆ ನನಗೆ ಹೊಟ್ಟೆ ಉರಿಯುತ್ತದೆ.

ನಮ್ಮಲ್ಲಿ ಬಹಳ ವರ್ಷ ಪಾಠವಾದ ‘ಸ್ಪ್ರಿಂಗ್ಸ್’ ಪುಸ್ತಕದಲ್ಲಿ ನೈಜೀರಿಯಾದ ಚಿನುವಾ ಅಚಿಬೆಯ ‘ದಿ ವೋಟರ್’ ಕತೆ ಇದೆ. ಉಮುವೋಫಿಯಾ ಎಂಬ ಹಳ್ಳಿ. ಮಂತ್ರಿಯಾಗಿ ದುಡ್ಡು ಮಾಡಿಕೊಂಡ ಮಾರ್ಕಸ್ ಇಬೆ ಮತ್ತೆ ಚುನಾವಣೆಗೆ ನಿಂತಿದ್ದಾನೆ. ಅವನ ಪರವಾಗಿ ಮನೆ ಮನೆಗೆ ಓಡಾಡುವವನು ರೂಫ್, ಊರಿನವರಿಗೆಲ್ಲ ಬೇಕಾದ ಹುಡುಗ. ಒಂದು ರಾತ್ರಿ ಎದುರು ಪಕ್ಷದವರು ಐದು ಪೌಂಡು ನೆಲದ ಮೇಲಿಟ್ಟು, ತಮಗೇ ಓಟು ಹಾಕಬೇಕೆಂದು ‘ಇಯಿ’ ಎಂಬ ದೈವದ ಮೇಲೆ ಅವನಿಂದ ಆಣೆ ಮಾಡಿಸುತ್ತಾರೆ. ಮತದಾನದ ದಿನ ಮತಗಟ್ಟೆಯೊಳಗೆ ನಿಂತ ರೂಫ್‌ಗೆ ಒಂದು ಕಡೆ ಅನ್ನ ಹಾಕಿದ ಧಣಿ, ಇನ್ನೊಂದು ಕಡೆ ದೈವದ ಭಯ. ಕೊನೆಗೆ ಓಟಿನ ಚೀಟಿಯನ್ನು ಮಧ್ಯಕ್ಕೆ ಹರಿದು ಎರಡೂ ಪೆಟ್ಟಿಗೆಗೆ ಒಂದೊಂದು ಚೂರು ಹಾಕಿ ಹೊರಗೆ ಬರುತ್ತಾನೆ.

ಇಷ್ಟನ್ನು ಓದಿ ಮುಗಿಸಿದಾಗ ಒಂದು ಸಲ, ಕೆಮಿಸ್ಟ್ರಿ ಪುಸ್ತಕ ಮುಚ್ಚಿದ ಹುಡುಗನೊಬ್ಬ ಎದ್ದು ನಿಂತ. “ಸಾರ್, ಇಯಿ ಅಂದ್ರೆ ನಮ್ಮ ಕಡೆ ಮಂಜುನಾಥನ ಮೇಲೆ ಆಣೆ ಮಾಡಿಸ್ತಾರಲ್ಲ, ಹಂಗೇನಾ?” ಎಂದ. ಹಂಗೇ ಕಣಪ್ಪ ಎಂದೆ. ಅಲ್ಲಿಂದ ಮುಂದೆ ಪಾಠ ನನ್ನ ಕೈಯಲ್ಲಿರಲಿಲ್ಲ. ಪಂಚಾಯ್ತಿ ಚುನಾವಣೆಯ ರಾತ್ರಿಗಳು, ಸೀರೆ, ಕುಕ್ಕರ್, ಅರಿಶಿನ ಕುಂಕುಮದ ತಟ್ಟೆ ಮುಟ್ಟಿಸಿ ಮಾಡಿಸಿಕೊಂಡ ಪ್ರಮಾಣ, ಎಲ್ಲವೂ ಒಂದೊಂದೇ ಬೆಂಚಿನಿಂದ ಹೊರಬಂದವು. ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಬೆಲ್ ಹೊಡೆದದ್ದು ಯಾರಿಗೂ ಬೇಕಾಗಿರಲಿಲ್ಲ.

ಕನ್ನಡ ಮೀಡಿಯಮ್ಮಿನಿಂದ ಬಂದ ಮಕ್ಕಳಿಗೆ ಈ ಪುಸ್ತಕ ಕಷ್ಟ ಎನ್ನುವವರಿದ್ದಾರೆ. ಭಾಷೆ ಕಷ್ಟ, ನಿಜ. ಕತೆ ಕಷ್ಟವಲ್ಲ. ಕತೆಯೊಳಗಿನ ಬದುಕು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಇದೇ ಪುಸ್ತಕದಲ್ಲಿರುವ, ಪತ್ರಕರ್ತ ಸಾಯಿನಾಥರ ‘ವೇರ್ ದೇರ್ ಈಸ್ ಎ ವೀಲ್’ ಲೇಖನವನ್ನೇ ನೋಡಿ. ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯ ಹೆಂಗಸರು ಸೈಕಲ್ ಕಲಿತ ಕತೆ ಅದು. 1992ರ ಮಹಿಳಾ ದಿನದ ನಂತರ ಅಲ್ಲಿ ಲೇಡೀಸ್ ಸೈಕಲ್ಲು ಸಾಲದೆ ಹೋದಾಗ ಹೆಂಗಸರು ಜೆಂಟ್ಸ್ ಸೈಕಲ್ಲನ್ನೇ ಹತ್ತಿದರು. ಕೆಲವರಿಗೆ ಅದೇ ಮೇಲೆನಿಸಿತು, ಏಕೆಂದರೆ ಮುಂದಿನ ಅಡ್ಡ ಸರಳಿನ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದು. ಈ ಸಾಲು ಬಂದಾಗ ಹುಡುಗಿಯರ ಸಾಲಿನಲ್ಲಿ ಒಂದು ಗುಸುಗುಸು ಏಳುತ್ತದೆ. ಬಸ್ಸಿಲ್ಲದ ಊರಿನಿಂದ ಬರುವ ಮಕ್ಕಳಿಗೆ ಅಡ್ಡ ಸರಳಿನ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಗ್ಲಿಷ್ ಪಾಠಕ್ಕೂ ನಮ್ಮ ಬದುಕಿಗೂ ಇರುವ ನಂಟಿನ ಮಾತು ಬಂದಾಗ ಇನ್ನೊಂದು ನೆನಪಾಗುತ್ತದೆ. ನಮ್ಮ ಹೊಸಗನ್ನಡ ಸಾಹಿತ್ಯದ ಒಂದು ಪಾಲು ಹುಟ್ಟಿದ್ದೇ ಇಂಗ್ಲಿಷ್ ಕ್ಲಾಸಿನಲ್ಲಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಹೇಳುತ್ತಿದ್ದ ಬಿ.ಎಂ.ಶ್ರೀ ತಾವು ಮೆಚ್ಚಿದ ಕವಿತೆಗಳನ್ನು ಕನ್ನಡಕ್ಕೆ ತಂದು ‘ಇಂಗ್ಲಿಷ್ ಗೀತಗಳು’ ಕೊಟ್ಟರು. ಕುವೆಂಪು ಮೊದಲು ಬರೆದದ್ದು ಇಂಗ್ಲಿಷಿನಲ್ಲಿ. ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ‘ನಿಮ್ಮ ಭಾಷೆಯಲ್ಲಿ ಬರೆಯಿರಿ’ ಎಂದದ್ದು ಎಲ್ಲರಿಗೂ ಗೊತ್ತಿರುವ ಕತೆ. ನಮ್ಮ ಲಲಿತ ಪ್ರಬಂಧಕ್ಕೆ ರುಚಿ ಕಟ್ಟಿಕೊಟ್ಟ ಎ.ಎನ್. ಮೂರ್ತಿರಾಯರು ಇಂಗ್ಲಿಷ್ ಮೇಷ್ಟ್ರು. ಲಂಕೇಶರೂ, ಅನಂತಮೂರ್ತಿಯವರೂ ಇಂಗ್ಲಿಷ್ ಮೇಷ್ಟ್ರೇ. ಅದೇ ಲಂಕೇಶರ ಕತೆ, ಅದೇ ಕುವೆಂಪು ಕವಿತೆ ಇಂಗ್ಲಿಷ್ ಅನುವಾದವಾಗಿ, ಕವಿ ನೆರೂಡನ ಪಕ್ಕದಲ್ಲಿ, ಇದೇ ‘ಸ್ಪ್ರಿಂಗ್ಸ್’ ಪುಸ್ತಕದಲ್ಲಿ ಕೂತಿವೆ. ಕುವೆಂಪು ಪಾಠದ ದಿನ ನಾನು ಕನ್ನಡ ಮೂಲವನ್ನು ಮೊದಲು ಓದಿಸುತ್ತೇನೆ. ಒಂದೇ ಮಾತು ಎರಡು ಭಾಷೆಯಲ್ಲಿ ಹೇಗೆ ಉಸಿರಾಡುತ್ತದೆ ಎಂದು ಅವರೇ ಕೇಳಿ ತಿಳಿಯಲಿ.

ಇದಕ್ಕೆಲ್ಲ ಅಡ್ಡ ಬಂದಿರುವುದು ಗೈಡು. ಈಗ ಅದರ ಜೊತೆಗೆ, ಪಾಸಾಗಲು ಬೇಕಾದಷ್ಟೇ ಉತ್ತರ ಕಟ್ಟಿಕೊಡುವ ‘ಪಾಸಿಂಗ್ ಪ್ಯಾಕೇಜ್’. ಒಂದು ಉದಾಹರಣೆ ಹೇಳುತ್ತೇನೆ. ಅದೇ ಪುಸ್ತಕದ ಸ್ಪ್ಯಾನಿಷ್ ನಾಟಕ ‘ಎ ಸನ್ನಿ ಮಾರ್ನಿಂಗ್’ನಲ್ಲಿ, ಪಾರ್ಕಿನ ಬೆಂಚಿನ ಮೇಲೆ ಜಗಳವಾಡುತ್ತ ಕೂತ ಮುದುಕ ಮುದುಕಿ, ತಾವು ಹರೆಯದಲ್ಲಿ ಪ್ರೀತಿಸಿದವರೇ ಇವರು ಎಂದು ಇಬ್ಬರಿಗೂ ಹೊಳೆದರೂ, ಹೇಳಿಕೊಳ್ಳದೆ ಎದ್ದು ಹೋಗುತ್ತಾರೆ. ಅವರು ಯಾಕೆ ಬಾಯಿಬಿಡಲಿಲ್ಲ ಎಂದು ಟೆಸ್ಟಿನಲ್ಲಿ ಕೇಳಿದ್ದೆ. ಅರವತ್ತು ಪೇಪರಿನಲ್ಲಿ ಅರವತ್ತೂ ಒಂದೇ ಉತ್ತರ, ಅಲ್ಪವಿರಾಮ ಸಹಿತ. ಒಂದರಲ್ಲಿ ಮಾತ್ರ ಕೊನೆಗೆ, ಹೊಡೆದುಹಾಕಿದ ಒಂದು ಸಾಲಿತ್ತು. ಬೆಳಕಿಗೆ ಹಿಡಿದು ಓದಿದೆ. ವ್ಯಾಕರಣ ತಪ್ಪಿದ ಇಂಗ್ಲಿಷಿನಲ್ಲಿ ಆ ಹುಡುಗಿ ಬರೆದಿದ್ದಳು: ಈಗಿನ ಮುಖವನ್ನು ತೋರಿಸಿ ಆಗಿನ ಮುಖವನ್ನು ಕಳೆದುಕೊಳ್ಳಲು ಇಬ್ಬರಿಗೂ ಇಷ್ಟವಿರಲಿಲ್ಲ. ಅದನ್ನು ಅವಳೇ ಹೊಡೆದುಹಾಕಿದ್ದಳು, ಗೈಡಿನಲ್ಲಿ ಇರಲಿಲ್ಲವೆಂದು.

ಆ ಸಾಲಿಗೇ ನಾನು ಪೂರ್ತಿ ಅಂಕ ಕೊಟ್ಟೆ.

ಜೊತೆಯ ಉಪನ್ಯಾಸಕರಲ್ಲಿ ಒಂದು ಕೋರಿಕೆ. ನೋಟ್ಸ್ ಕೊಡಿ, ಬೇಡವೆನ್ನುವುದಿಲ್ಲ. ಫೇಲಾಗುವ ಭಯ ಸಣ್ಣದಲ್ಲ. ಆದರೆ ಅದಕ್ಕೆ ಮೊದಲು ಕತೆಯನ್ನು ಒಂದು ಸಲ ಗಟ್ಟಿಯಾಗಿ, ಮೊದಲಿಂದ ಕೊನೆಯವರೆಗೆ, ಕ್ಲಾಸಿನಲ್ಲಿ ಓದಿ ಹೇಳಿ. ‘ದಿ ವೋಟರ್’ ಓದಲು ಒಂದು ಪೀರಿಯಡ್ಡು ಸಾಕು.