ನಮ್ಮ ಹಿಸ್ಟರಿ ಮೇಡಂಗೊಂದು ಪ್ರಶಸ್ತಿ

ಹೋದ ವರ್ಷ ಜೂನ್‌ನಲ್ಲಿ ನಮ್ಮ ಕಂಪನಿಯಲ್ಲಿ ನನಗೊಂದು ಪ್ರಶಸ್ತಿ ಬಂತು. ಸ್ಪಾಟ್ ಅವಾರ್ಡ್ ಅಂತ. ಅಂಗೈ ಅಗಲದ ಗಾಜಿನ ಫಲಕ, 2,000 ರೂಪಾಯಿಯ ವೋಚರ್, ಮ್ಯಾನೇಜರ್ ಜೊತೆ ಒಂದು ಫೋಟೊ. ನನ್ನ ಕೆಲಸ ಅಂಥ ದೊಡ್ಡದೇನಲ್ಲ. ಸಾಲಕ್ಕೆ ಅರ್ಜಿ ಹಾಕಿದವರ ದಾಖಲೆಗಳನ್ನು ಪರಿಶೀಲಿಸುವ ತಂಡದಲ್ಲಿದ್ದೇನೆ. ಒಬ್ಬರ ಸಂಬಳದ ಚೀಟಿಯಲ್ಲಿ ಎಲ್ಲ ಸರಿಯಿತ್ತು, ಆದರೆ ಪಿ.ಎಫ್. ಕಡಿತದ ಸಾಲೇ ಇರಲಿಲ್ಲ. ಅದರ ಹಿಂದೆ ಬಿದ್ದು ನೋಡಿದರೆ ಅದೇ ಅಚ್ಚಿನ 11 ನಕಲಿ ಚೀಟಿಗಳು ಸಿಕ್ಕವು. ಅದಕ್ಕೆ ಆ ಫಲಕ.

ಫೋಟೊ ಸ್ಟೇಟಸ್‌ಗೆ ಹಾಕಿದೆ. ಎಲ್ಲರೂ ಹಾಕೋ ಚಪ್ಪಾಳೆ, ಬೆಂಕಿ ಇಮೋಜಿಗಳ ನಡುವೆ ಒಂದು ಮೆಸೇಜು ನಮ್ಮ ಹಿಸ್ಟರಿ ಮೇಡಂದು. "ಏನಿದೆ ಅಂತ ನೋಡೋದರ ಜೊತೆಗೆ ಏನಿಲ್ಲ ಅಂತಾನೂ ನೋಡಿದೀಯ. ಶಭಾಷ್ ಕಣೇ."

ಆಫೀಸಿನ ಕ್ಯಾಂಟೀನಲ್ಲಿ ಕೂತು ಅದನ್ನ ಮೂರು ಸಲ ಓದಿದೆ. ನನ್ನ ಫಲಕ ಅವರಿಗೆ ಸೇರಬೇಕಾದ್ದು ಅನ್ನೋದು ಅವತ್ತು ಹೊಳೆದದ್ದಲ್ಲ, ಆದರೆ ಅವತ್ತು ಸುಮ್ಮನಿರೋಕಾಗಲಿಲ್ಲ.

ನಾನು ನಂಜನಗೂಡಿನವಳು. 2015ರಲ್ಲಿ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಎ. ಸೇರಿದೆ. ಹಿಸ್ಟರಿ ತಗೊಂಡಿದ್ದು ಪ್ರೀತಿಯಿಂದೇನಲ್ಲ, ಗೆಳತಿಯರೆಲ್ಲ ತಗೊಂಡಿದ್ರು ಅಂತ. ಮೊದಲ ವಾರವೇ ಮೇಡಂ ಒಂದು ವಿಚಿತ್ರ ಕೆಲಸ ಹೇಳಿದ್ರು. "ಎಲ್ಲರೂ ಮನೆಯಿಂದ ಒಂದೊಂದು ಹಳೇ ಕಾಗದ ತನ್ನಿ. ಯಾವುದಾದರೂ ಸರಿ."

ಒಬ್ಬ ತಾತನ ಕಾಲದ ಪಹಣಿ ತಂದ. ಒಬ್ಬಳು ಅವರಮ್ಮನ ಲಗ್ನಪತ್ರಿಕೆ ತಂದಳು. ಒಬ್ಬ ಏನೂ ಸಿಗಲಿಲ್ಲ ಅಂತ ಹಳೇ ಕರೆಂಟ್ ಬಿಲ್ ತಂದು ಎಲ್ಲರ ಕೈಲಿ ನಗಿಸಿಕೊಂಡ. ನಾನು ನಮ್ಮಪ್ಪ ಫ್ಯಾಕ್ಟರಿಯಲ್ಲಿ ದಿನಗೂಲಿ ಮಾಡ್ತಿದ್ದಾಗಿನ ಹಾಜರಿ ಚೀಟಿ ತಗೊಂಡು ಹೋಗಿದ್ದೆ. ಮೇಡಂ ಒಂದೊಂದನ್ನೂ ಎತ್ತಿ ಹಿಡಿದು ಕೇಳಿದ್ದು ಎರಡೇ ಪ್ರಶ್ನೆ. ಈ ಕಾಗದ ಏನು ಹೇಳುತ್ತೆ? ಏನು ಹೇಳಲ್ಲ?

ನಮ್ಮಪ್ಪನ ಚೀಟಿಯಲ್ಲಿ 26 ದಿನ ಹಾಜರಿ ಇತ್ತು. "ಎಷ್ಟು ದಿನ ದುಡಿದ್ರು ಅಂತ ಇದೆ. ಗಾಯ ಆಗಿ ಮನೇಲಿದ್ದ ದಿನ ಇದೆಯಾ? ಅವರ ಪೂರ್ತಿ ಹೆಸರು ಇದೆಯಾ?" ಅಂದ್ರು. ಇರಲಿಲ್ಲ. ಟೋಕನ್ ನಂಬರ್ ಇತ್ತು. ಆಮೇಲೆ ಬೋರ್ಡಿನ ಮೇಲೆ 'ಆಕರಗಳು' ಅಂತ ಬರೆದ್ರು. ಶಾಸನ, ತಾಮ್ರಪಟ, ಬಖೈರು ಎಲ್ಲ ಆಮೇಲೆ ಬಂದವು. ಕರೆಂಟ್ ಬಿಲ್ ತಂದವನ ಊರಿಗೆ ವಿದ್ಯುತ್ ಬಂದದ್ದು ಯಾವಾಗ ಅಂತ ಆ ಬಿಲ್ಲಿನಿಂದಲೇ ಒಂದು ಪೂರ್ತಿ ಕ್ಲಾಸು ನಡೀತು. ಅವನೀಗ ಊರಲ್ಲಿ ಬಾಳೆಕಾಯಿ ಮಂಡಿ ನಡೆಸ್ತಾನೆ. ನಮ್ಮ ಬ್ಯಾಚಿನ ವಾಟ್ಸ್ಯಾಪ್ ಗ್ರೂಪಿನ ಅಡ್ಮಿನ್ನೂ ಅವನೇ.

ಆ ಗ್ರೂಪಿಗೆ ಹೋಗಿ ನಾನು ಬರೆದೆ: "ಮೇಡಂ ಹೆಸರನ್ನ ರಾಷ್ಟ್ರ ಪ್ರಶಸ್ತಿಗೆ ಕಳಿಸೋಣ. ನಾನೇ ಎಲ್ಲ ನೋಡ್ಕೋತೀನಿ."

ಸೆಪ್ಟೆಂಬರ್ 5ರಂದು ದೆಹಲಿಯಲ್ಲಿ ರಾಷ್ಟ್ರಪತಿಗಳು ಕೊಡುವ ಶಿಕ್ಷಕರ ಪ್ರಶಸ್ತಿ ನಿಮಗೆ ಗೊತ್ತಿರುತ್ತೆ. ಅದು 1958ರಿಂದ ಇದೆ. ಆದರೆ ಉನ್ನತ ಶಿಕ್ಷಣದ ಬೋಧಕರನ್ನು ಅದಕ್ಕೆ ಸೇರಿಸಿದ್ದು 2023ರಲ್ಲಿ. ಆ ಮೊದಲ ವರ್ಷ ಇಡೀ ದೇಶದ ಕಾಲೇಜು, ವಿಶ್ವವಿದ್ಯಾನಿಲಯಗಳಿಂದ ಆಯ್ಕೆಯಾದವರು 13 ಮಂದಿ. ಪ್ರಶಸ್ತಿಪತ್ರ, ಬೆಳ್ಳಿ ಪದಕ, 50,000 ರೂಪಾಯಿ. ಐದೇ ನಿಮಿಷದಲ್ಲಿ ಗ್ರೂಪಿನಲ್ಲಿ ಮೇಡಂ ದೆಹಲಿಗೆ ಹೋಗಿಯೂ ಆಯ್ತು, ಯಾವ ಸೀರೆ ಉಡಬೇಕು ಅಂತ ಚರ್ಚೆಯೂ ಆಯ್ತು. ರೇಷ್ಮೆ ಅಂದ್ರೆ ಮೈಸೂರು ಸಿಲ್ಕೇ ಆಗಬೇಕು ಅಂತ ಒಬ್ಬಳು ಹಠ ಹಿಡಿದಳು.

ರಾತ್ರಿ ಪಿ.ಜಿ.ಯಲ್ಲಿ ಮಲಗಿಕೊಂಡು ಫೋನಲ್ಲಿ ನಿಯಮಗಳ ಪಿ.ಡಿ.ಎಫ್. ತೆಗೆದೆ. ಯಾರು ಹೆಸರು ಸೂಚಿಸಬಹುದು, ಯಾವ ದಾಖಲೆ ಬೇಕು ಅಂತ ನೋಡೋಣ ಅಂದ್ಕೊಂಡಿದ್ದೆ. ಅಲ್ಲೀತನಕ ಹೋಗಲೇ ಇಲ್ಲ. ಅರ್ಹತೆಯ ಮೊದಲ ಸಾಲಿನಲ್ಲೇ ಇತ್ತು: ಖಾಯಂ ಬೋಧಕರಾಗಿರಬೇಕು.

ನಮ್ಮ ಮೇಡಂ ಅತಿಥಿ ಉಪನ್ಯಾಸಕಿ.

ನಿಜ ಹೇಳ್ತೀನಿ, ಮೂರು ವರ್ಷ ಅವರ ಕ್ಲಾಸಲ್ಲಿ ಕೂತು ಇದು ನನಗೆ ಗೊತ್ತಿತ್ತು, ಆದರೆ ಅದರರ್ಥ ಗೊತ್ತಿರಲಿಲ್ಲ. ನಮಗೆ ಎಲ್ಲರೂ ಲೆಕ್ಚರರೇ. ಯಾರು ಖಾಯಂ, ಯಾರು ಅತಿಥಿ ಅಂತ ಟೈಂಟೇಬಲ್ಲಲ್ಲಿ ಬರೆದಿರಲ್ಲ. ಡಿಗ್ರಿ ಓದಿದ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು, ನಿಮಗೆ ಪಾಠ ಮಾಡಿದವರಲ್ಲಿ ಅತಿಥಿಗಳು ಎಷ್ಟು ಅಂತ? ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಇಂಥವರು 10,000ಕ್ಕೂ ಹೆಚ್ಚು. ಅವರಿಗೆ ಬರುವುದನ್ನು ಸಂಬಳ ಅನ್ನಲ್ಲ, ಗೌರವಧನ ಅಂತಾರೆ. ನಾವು ಓದುವಾಗ ಅದು ತಿಂಗಳಿಗೆ ನನ್ನ ಮೊದಲ ಸಂಬಳಕ್ಕಿಂತ ಕಡಿಮೆ ಇತ್ತು. 2022ರ ಜನವರಿಯಲ್ಲಿ ಅರ್ಹತೆ, ಅನುಭವ ನೋಡಿ 26,000ದಿಂದ 32,000 ರೂಪಾಯಿಗೆ ಏರಿಸಿದರು. ಜೊತೆಗೆ ಒಬ್ಬೊಬ್ಬರೂ ತೆಗೆದುಕೊಳ್ಳುವ ತರಗತಿಯ ಗಂಟೆಗಳೂ ಹೆಚ್ಚಾದವು. ಅಷ್ಟೇ ಪಾಠಕ್ಕೆ ಕಡಿಮೆ ಜನ ಸಾಕಾದರು. ಏರಿಕೆಯ ಸುದ್ದಿ ಓದಿ ನಾನು ಮೇಡಂಗೆ ಕಂಗ್ರಾಟ್ಸ್ ಅಂತ ಕಳಿಸಿದ್ದೆ. ಆ ವರ್ಷ ತಮ್ಮ ಕೆಲಸ ಉಳಿಯುತ್ತೋ ಇಲ್ಲವೋ ಅಂತ ಅವರು ನಿದ್ದೆಗೆಟ್ಟಿದ್ರು ಅನ್ನೋದು ನನಗೆ ಗೊತ್ತಾಗಿದ್ದು ಬಹಳ ತಡವಾಗಿ.

ಗ್ರೂಪಿನಲ್ಲಿ ಸತ್ಯ ಹೇಳೋಕೆ ನನಗೆ ಎರಡು ದಿನ ಹಿಡಿಯಿತು. ಮೇಡಂಗೆ ಮುಖಾಮುಖಿ ಹೇಳಬೇಕು ಅನ್ನಿಸ್ತು, ಯಾಕಂದ್ರೆ ಅಷ್ಟರಲ್ಲಿ ಯಾರೋ ಅತ್ಯುತ್ಸಾಹಿ ಅವರಿಗೆ ಫೋನ್ ಮಾಡಿ "ಮೇಡಂ, ನಿಮ್ಮ ಹೆಸರು ದೆಹಲಿಗೆ ಹೋಗಿದೆ" ಅಂದುಬಿಟ್ಟಿದ್ದ.

ಶನಿವಾರ ನಂಜನಗೂಡಿಗೆ ಬಂದು, ಅಲ್ಲಿಂದ ಟಿ. ನರಸೀಪುರದ ಬಸ್ ಹತ್ತಿದೆ. ಮೇಡಂ ಮನೆ ಇರೋದು ಅಲ್ಲಿ, ಹೊಳೆಗೆ ಹತ್ತಿರ. ಇಷ್ಟು ವರ್ಷ ಅವರು ದಿನಾ ಹೋಗಿಬರೋ ದಾರಿಯಲ್ಲಿ ನಾನು ಮೊದಲ ಸಲ ಪೂರ್ತಿ ಕೂತು ಹೋಗಿದ್ದು. ಸೊಂಟ ಬಿದ್ದುಹೋಯಿತು.

ನಾನು ತೊದಲುತ್ತಾ ವಿಷಯ ಹೇಳಿದೆ. ಮೇಡಂ ನಕ್ಕುಬಿಟ್ರು. "ಅಯ್ಯೋ ಪೆದ್ದಿ, ನನಗೆ ಗೊತ್ತಿತ್ತು. ಆ ನಿಯಮ ನಾನು ಯಾವತ್ತೋ ಓದಿದ್ದೆ."

"ಮತ್ತೆ ಅವನು ಫೋನ್ ಮಾಡಿದಾಗ ಯಾಕೆ ಹೇಳಲಿಲ್ಲ ಮೇಡಂ?"

"ಅಷ್ಟು ಖುಷಿಯಾಗಿ ಹೇಳ್ತಿದ್ದ. ಒಂದೆರಡು ದಿನ ಇರಲಿ ಅನ್ನಿಸ್ತು ಕಣೇ," ಅಂದ್ರು. ಅವನ ಖುಷಿಯೋ ತಮ್ಮದೋ, ನಾನು ಕೇಳಲಿಲ್ಲ.

ಕಾಫಿ ತಂದು ಕೊಟ್ಟು ಮಾತು ತಿರುಗಿಸಿದ್ರು. ಅವರ ಅಭ್ಯಾಸ ಅದು, ಮನಸ್ಸಿಗೆ ನೋವಾದಾಗ ಪಾಠ ಶುರು ಮಾಡ್ತಾರೆ. ಸೆಪ್ಟೆಂಬರ್ 5ರ ರಾಧಾಕೃಷ್ಣನ್ ಅವರು 1918ರಿಂದ 1921ರವರೆಗೆ ಮೈಸೂರಿನ ಮಹಾರಾಜ ಕಾಲೇಜಿನಲ್ಲೇ ಪಾಠ ಮಾಡಿದವರು. ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಹೂವಿನಿಂದ ಅಲಂಕರಿಸಿದ ಗಾಡಿಯ ಕುದುರೆ ಬಿಚ್ಚಿ, ತಾವೇ ರೈಲ್ವೆ ಸ್ಟೇಷನ್‌ವರೆಗೆ ಎಳೆದುಕೊಂಡು ಹೋದ ಕತೆ ನಮ್ಮ ಕಡೆ ಎಲ್ಲರೂ ಕೇಳಿದ್ದೇ. "ಅದಕ್ಕೆ ಯಾವ ಫಾರ್ಮ್ ತುಂಬಿದ್ರು?" ಅಂದ್ರು ಮೇಡಂ. ಬಿ.ಎಂ.ಶ್ರೀ. ಅವರಿಗೆ ಶಿಷ್ಯರು, ಅಭಿಮಾನಿಗಳು ಸೇರಿ 1941ರಲ್ಲಿ 'ಸಂಭಾವನೆ' ಅಂತ ಗ್ರಂಥವನ್ನೇ ಅರ್ಪಿಸಿದ್ದು ನೆನೆಸಿದ್ರು. ಆಮೇಲೆ ಅವರ ಅಚ್ಚುಮೆಚ್ಚಿನ ಹೆಸರಿಗೆ ಬಂದ್ರು: ಎಸ್. ಶ್ರೀಕಂಠ ಶಾಸ್ತ್ರಿ.

ಇವರ ಬಗ್ಗೆ ಕ್ಲಾಸಲ್ಲೂ ಎಷ್ಟೋ ಸಲ ಹೇಳಿದ್ರು. 1904ರಲ್ಲಿ ನಮ್ಮ ನಂಜನಗೂಡಲ್ಲೇ ಹುಟ್ಟಿದವರು, ನಮ್ಮೂರ ಶ್ರೀಕಂಠೇಶ್ವರನ ಹೆಸರೇ ಅವರದೂ. ಮಹಾರಾಜ ಕಾಲೇಜಿನಲ್ಲಿ ಇತಿಹಾಸ ಕಲಿಸಿ, ಆ ವಿಭಾಗದ ಮುಖ್ಯಸ್ಥರಾಗಿ 1960ರಲ್ಲಿ ನಿವೃತ್ತರಾದವರು. ಕನ್ನಡದಲ್ಲಿ 'ಭಾರತೀಯ ಸಂಸ್ಕೃತಿ' ಬರೆದವರು. ಅದಕ್ಕೂ ಮೊದಲು 1940ರಲ್ಲಿ ಕರ್ನಾಟಕದ ಇತಿಹಾಸದ ಆಕರಗಳನ್ನೇ ಒಟ್ಟುಮಾಡಿ ಇಂಗ್ಲಿಷಿನಲ್ಲಿ ಪುಸ್ತಕ ತಂದವರು. ನಮ್ಮ ಕೈಲಿ ಹಳೇ ಕಾಗದ ತರಿಸಿದ ಮೇಡಂಗೆ ಅವರು ಯಾಕೆ ಇಷ್ಟ ಅಂತ ಬೇರೆ ಹೇಳಬೇಕಾಗಿಲ್ಲ. ಅವರ ಅಭಿನಂದನ ಗ್ರಂಥ 'ಶ್ರೀಕಂಠಿಕಾ' ಹೊರಬಂದದ್ದು 1973ರಲ್ಲಿ. ಮರುವರ್ಷ ಅವರು ತೀರಿಕೊಂಡರು.

"ನೋಡು, ನಿವೃತ್ತಿಯಾಗಿ 13 ವರ್ಷ ಆದ್ಮೇಲೆ," ಅಂದ್ರು ಮೇಡಂ. ನಾನು ಸಮಾಧಾನಕ್ಕೆ ಅಂತ "ನಿಮಗೂ ಬರುತ್ತೆ ಬಿಡಿ ಮೇಡಂ" ಅಂದೆ. ಅಂದ ತಕ್ಷಣ ತಪ್ಪು ಮಾತಾಡಿದೆ ಅನ್ನಿಸ್ತು. ಶಾಸ್ತ್ರಿಗಳಿಗೆ ಒಂದು ಇಲಾಖೆ ಇತ್ತು, ಹೆಸರಿನ ಕೆಳಗೆ ಹುದ್ದೆ ಇತ್ತು. ಮೇಡಂ ನಿವೃತ್ತಿ ಆಗಬೇಕಾದರೆ ಮೊದಲು ನೇಮಕ ಆಗಿರಬೇಕಲ್ಲ?

ಅವರು ಎದ್ದು ಒಳಗೆ ಹೋಗಿ ಒಂದು ಫೈಲ್ ತಂದ್ರು. ಅದರಲ್ಲಿ ಅವರ ಆದೇಶಗಳು. ಪ್ರತಿ ವರ್ಷ ಆನ್‌ಲೈನ್ ಕೌನ್ಸೆಲಿಂಗ್, ಪ್ರತಿ ವರ್ಷ ಹೊಸ ಆದೇಶ, ವರ್ಷದ ಪಾಠ ಮುಗಿದ ಮೇಲೆ ಬಿಡುಗಡೆ, ರಜೆಯಲ್ಲಿ ಏನೂ ಇಲ್ಲ, ಮತ್ತೆ ಅರ್ಜಿ. "ತಿಥಿ ನೋಡದೆ ಬರೋರನ್ನ ಅತಿಥಿ ಅಂತಾರಂತೆ. ನಮಗೆ ತಿಥಿ ಬರೆದೇ ಕೊಡ್ತಾರೆ ನೋಡು, ಈ ದಿನದಿಂದ ಈ ದಿನದವರೆಗೆ ಅಂತ."

2023ರ ನವೆಂಬರ್‌ನಲ್ಲಿ ಸೇವೆ ಖಾಯಂ ಮಾಡಿ ಅಂತ ಅತಿಥಿ ಉಪನ್ಯಾಸಕರು ತರಗತಿ ಬಿಟ್ಟು ಕೂತಿದ್ದು, ಆಮೇಲೆ ತುಮಕೂರಿನ ಸಿದ್ಧಗಂಗೆಯಿಂದ ಬೆಂಗಳೂರಿಗೆ ನಡೆದದ್ದು ನಿಮಗೆ ನೆನಪಿರಬಹುದು. ಮೇಡಂ ಒಂದು ದಿನ ನಡೆದು, ಮಂಡಿ ನೋವು ಬಂದು ವಾಪಸಾದ್ರಂತೆ. ಖಾಯಂ ಆಗಲಿಲ್ಲ. ಗೌರವಧನ ಇನ್ನಷ್ಟು ಹೆಚ್ಚಿಸಿ, ಆರೋಗ್ಯ ವಿಮೆ ಕೊಟ್ಟು, 60 ವರ್ಷ ತುಂಬಿದವರಿಗೆ 5 ಲಕ್ಷದವರೆಗೆ ಇಡುಗಂಟು ಕೊಡುವುದಾಗಿ 2024ರ ಜನವರಿಯಲ್ಲಿ ಸರ್ಕಾರ ಹೇಳಿತು. ಸೇವೆಯ ವರ್ಷಗಳಿಗೆ ಕೌನ್ಸೆಲಿಂಗ್‌ನಲ್ಲೂ ಅಂಕ ಉಂಟು. ಹಾಗಾಗಿ ಒಂದೊಂದು ವರ್ಷಕ್ಕೂ ಕಾಗದ ಬೇಕು.

ನಾನು ಫೈಲ್ ತಿರುವಿ ಹಾಕಿದೆ. ಇದು ನನ್ನ ಕೆಲಸವೇ ಅಲ್ವಾ. ಮೊದಲನೆಯದು 2011-12ರದು. ಆಮೇಲೆ ಒಂದರ ಹಿಂದೆ ಒಂದು. 2015-16 ಇತ್ತು. ಅದರ ಮುಂದಿನದು 2017-18.

"ಮೇಡಂ, 2016-17 ಎಲ್ಲಿ?"

"ಸಿಕ್ತಾ ನಿನಗೆ?" ಅಂದ್ರು. ನಕ್ಕ ಹಾಗಿತ್ತು. 2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿದಾಗ, ಮೈಸೂರು-ನಂಜನಗೂಡು ರಸ್ತೆಯೇ ಮುಚ್ಚಿದ್ದ ಆ ವಾರ, ಅವರ ಮನೆಯೊಳಗೂ ನೀರು ಬಂದಿತ್ತು. ಕೆಳಗಿನ ಬೀರುವಿನಲ್ಲಿದ್ದ ಕಾಗದಗಳು ಉಂಡೆಯಾದವು. ಬೇರೆಯವೆಲ್ಲ ಜೆರಾಕ್ಸ್ ಇದ್ದವು, ಅದೊಂದು ಇರಲಿಲ್ಲ. ಕಾಲೇಜಿನಲ್ಲಿ ಕೇಳಿದ್ರೆ ಆಗಿನ ಗುಮಾಸ್ತರು ವರ್ಗವಾಗಿದ್ದಾರೆ, ಹುಡುಕ್ತೀವಿ ಅಂದ್ರಂತೆ. ಹುಡುಕ್ತಾನೇ ಇದಾರೆ.

ಸುಮಾರು 60 ಜನ ನಾವು ಆ ವರ್ಷ ಅವರ ಎದುರು ಕೂತಿದ್ವಿ. ಅವರು ಪಾಠ ಮಾಡಿಲ್ಲ ಅಂತ ಯಾರಾದರೂ ಹೇಳಬಲ್ಲರಾ? ಆದರೆ ನಾನು ದಿನಾ ಬೆಳಿಗ್ಗೆ ಒಂಬತ್ತೂವರೆಗೆ ಲಾಗಿನ್ ಆಗಿ ಜನರಿಗೆ ಹೇಳೋದು ಇದನ್ನೇ: ಸರ್, ನೀವು ಹೇಳಿದ್ರೆ ಆಗಲ್ಲ, ದಾಖಲೆ ಬೇಕು.

ಅವತ್ತು ರಾತ್ರಿ ಗ್ರೂಪಿನಲ್ಲಿ ಎಲ್ಲ ಬರೆದೆ. ಪ್ರಶಸ್ತಿ ಇಲ್ಲ, ನಾನು ನಿಯಮ ಓದದೆ ಬಡಾಯಿ ಕೊಚ್ಚಿದ್ದು ತಪ್ಪು, ಈಗ ಬೇಕಾಗಿರೋದು 2016-17ರಲ್ಲಿ ಮೇಡಂ ಕಾಲೇಜಲ್ಲಿದ್ರು ಅನ್ನೋದಕ್ಕೆ ಏನಾದರೂ ಒಂದು ಕಾಗದ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮಂಡಿಯವನು ಬರೆದ: "ಮನೆಯಿಂದ ಒಂದೊಂದು ಹಳೇ ಕಾಗದ ತನ್ನಿ."

ಮೂರು ದಿನದಲ್ಲಿ ಏನೇನೋ ಬಂತು. ತಲಕಾಡು ಪ್ರವಾಸದ ಫೋಟೊ, ತಾರೀಕಿಲ್ಲ. ವಾರ್ಷಿಕೋತ್ಸವದ ಆಮಂತ್ರಣ, ಮೇಡಂ ಹೆಸರಿಲ್ಲ. ಮಿಕ್ಕವರ ಹೆಸರೆಲ್ಲ ಇದೆ. ಒಬ್ಬಳು ಮದುವೆಯಾಗಿ ಚಾಮರಾಜನಗರದಲ್ಲಿದ್ದಾಳೆ, ಅವಳು ತವರಿಗೆ ಬಂದು ಹುಡುಕಿ ಇಂಟರ್ನಲ್ ಟೆಸ್ಟಿನ ಒಂದು ಹಾಳೆ ಕಳಿಸಿದಳು. ಅವಳಿಗೆ 4 ಮಾರ್ಕ್ಸ್ ಬಂದಿತ್ತು, ಅದನ್ನ ಬೆರಳಲ್ಲಿ ಮುಚ್ಚಿಕೊಂಡು ಫೋಟೊ ತೆಗೆದಿದ್ದಳು.

ನಾನು ಮುಂದಿನ ವಾರ ಊರಿಗೆ ಹೋಗಿ ಅಟ್ಟ ಹತ್ತಿದೆ. ಅಮ್ಮ ನನ್ನ ಡಿಗ್ರಿ ಪುಸ್ತಕಗಳನ್ನು ಗೊಬ್ಬರದ ಚೀಲದಲ್ಲಿ ಕಟ್ಟಿಟ್ಟಿದ್ದಳು. ಎರಡನೇ ವರ್ಷದ ಹಿಸ್ಟರಿ ನೋಟ್ಸು ಸಿಕ್ತು. ಹೊಯ್ಸಳರ ಆಡಳಿತದ ಪಾಠದ ಕೊನೆಗೆ ಕೆಂಪು ಶಾಯಿಯಲ್ಲಿ ಮೇಡಂ ಸಹಿ, ಕೆಳಗೆ 9-2-2017. ಪಕ್ಕದಲ್ಲಿ ಒಂದು ಸಾಲು: ಆಕರ ಎಲ್ಲಿ?

ಫೋಟೊ ತೆಗೆದು ಕಳಿಸಿದೆ. ತುಂಬ ಹೊತ್ತಾದ ಮೇಲೆ ಉತ್ತರ ಬಂತು.

"ಇದು ನಡೆಯಲ್ಲ ಕಣೇ, ಆಫೀಸಿನ ಸೀಲ್ ಬೇಕು. ಆದ್ರೂ ಪೂರ್ತಿ ಪುಟ ಕಾಣೋ ಹಾಗೆ ಇನ್ನೊಂದು ಸಲ ತೆಗೆದು ಕಳಿಸು. ಪ್ರಿಂಟ್ ಹಾಕಿಸಿ ಫೈಲಿಗೆ ಸೇರಿಸ್ತೀನಿ. ಆ ಜಾಗ ಖಾಲಿ ಇದೆ."